ನೆಲನೆಲ್ಲಿ, ತಿಪ್ಪತೀಗೆ, ಸಿಲಿಮರಿನ್: ಕುಡಿತದಿಂದ ಕೆಟ್ಟ ಒಂದು ಲಿವರಿನ ಪ್ರಕರಣ ಅಧ್ಯಯನ

ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲ್ಲೂಕು. ಗಂಡಸು, ವಯಸ್ಸು 44, ತೂಕ 54 ಕಿಲೊ. ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮ್ಯಾಟೊ ಕ್ರೇಟು ಸಾಗಿಸುವ ಟೆಂಪೊ ಚಾಲಕ. ಕುಡಿತ ಶುರುವಾಗಿ 15 ವರ್ಷ. ಈಚಿನ ಮೂರು ವರ್ಷ ದಿನಕ್ಕೆ 180 ಮಿಲಿಯ ಎರಡು ಪ್ಯಾಕೆಟ್. ಕಣ್ಣು ಹಳದಿಯಾದ ಏಳನೇ ದಿನ ಬೆಳಿಗ್ಗೆ, ಮೈಮೇಲೆ ಪ್ರಜ್ಞೆಯಿಲ್ಲದೆ ಬಡಬಡಿಸುತ್ತ, ತೋಳಿಗೆ ಕಟ್ಟಿದ ತಾಯತದೊಂದಿಗೆ ಆಸ್ಪತ್ರೆಗೆ ಬಂದವರು.

ಈ ರೋಗಿ ಯಾರೋ ಒಬ್ಬರಲ್ಲ. ಈ ಸೀಮೆಯಲ್ಲಿ ಮದ್ಯದಿಂದ ಲಿವರ್ ಕೆಟ್ಟವರಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ದೇಹದಲ್ಲಿಟ್ಟು ಕಟ್ಟಿದ ಮಾದರಿ ಪ್ರಕರಣ ಇದು. ರೋಗಿಯ ರಕ್ತಪರೀಕ್ಷೆಯ ಅಂಕಿಗಳನ್ನು ಕಲಿಕೆಗಾಗಿ ಹೊಂದಿಸಿದೆ. ಅಧ್ಯಯನಗಳದೆಂದು ಕೊಟ್ಟಿರುವ ಅಂಕಿಗಳು ಮಾತ್ರ ಪ್ರಕಟವಾದವು.

ಮೊದಲು ಕುಡಿತದ ಲೆಕ್ಕ. ಅಗ್ಗದ ವಿಸ್ಕಿ, ಬ್ರಾಂದಿಗಳಲ್ಲಿ ಮದ್ಯಸಾರ ಶೇ 42.8. 180 ಮಿಲಿಯಲ್ಲಿ 77 ಮಿಲಿ ಶುದ್ಧ ಮದ್ಯಸಾರ. ಅದರ ಸಾಂದ್ರತೆ 0.789 ಆದ್ದರಿಂದ ತೂಕ ಸುಮಾರು 61 ಗ್ರಾಂ. ಎರಡು ಪ್ಯಾಕೆಟ್ ಎಂದರೆ 120 ಗ್ರಾಂ. ಗಂಡಸರಲ್ಲಿ ದಿನಕ್ಕೆ 60 ಗ್ರಾಂ ಮೀರಿ ಆರು ತಿಂಗಳು ಕುಡಿದು, ಕುಡಿತ ನಿಂತ 60 ದಿನದೊಳಗೆ ಕಾಮಾಲೆ ಬಂದರೆ ಮದ್ಯಜನ್ಯ ಹೆಪಟೈಟಿಸ್, ಅಂದರೆ ಮದ್ಯದಿಂದ ಬಂದ ಲಿವರ್ ಉರಿಯೂತ, ಎಂದು ಶಂಕಿಸಬೇಕು. ಇವರು ಆ ಗೆರೆಯ ಇಮ್ಮಡಿ ದೂರದಲ್ಲಿದ್ದರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ‘ಸಾರಾಯಿ ಬಿಟ್ಟು ಬ್ರಾಂದಿ ಕುಡೀತೀನಿ, ಅದು ಅಷ್ಟು ಕೆಡುಕಲ್ಲ’ ಎನ್ನುವ ಮಾತು ಮಾತ್ರ ಇಂದಿಗೂ ಕೇಳಿಬರುತ್ತದೆ. ಲಿವರಿಗೆ ಲೇಬಲ್ ಕಾಣುವುದಿಲ್ಲ. ಅದು ಎಣಿಸುವುದು ಗ್ರಾಂ.

ಆಸ್ಪತ್ರೆಗೆ ಮುಂಚಿನ ಆರು ದಿನ

ಒಂದನೇ ದಿನ ಕಣ್ಣು ಹಳದಿ, ಮೈಕೈ ನೋವು. ಎರಡು ದಿನ ಕುಡಿತ ಮುಂದುವರಿಯಿತು. ಜೊತೆಗೆ ಮೆಡಿಕಲ್ ಅಂಗಡಿಯಿಂದ ತಂದ ಪ್ಯಾರಸಿಟಮಾಲ್ 650 ಮಿಗ್ರಾಂ, ದಿನಕ್ಕೆ ನಾಲ್ಕು. ಮೂರನೇ ದಿನ ಕಾಮಾಲೆಗೆ ಔಷಧಿ ಕೊಡುವವರ ಬಳಿ ಹೋದರು. ಅಲ್ಲಿ ಸಿಕ್ಕಿದ್ದು ನೆಲನೆಲ್ಲಿ. ಗಡಿಭಾಗದ ತೆಲುಗಿನಲ್ಲಿ ನೇಲ ಉಸಿರಿ. ಇಡೀ ಗಿಡವನ್ನು ಬೇರುಸಹಿತ ಅರೆದು ನಿಂಬೆಹಣ್ಣಿನ ಗಾತ್ರದ ಉಂಡೆ, ಮಜ್ಜಿಗೆಯಲ್ಲಿ ಕದಡಿ ಖಾಲಿ ಹೊಟ್ಟೆಗೆ, ಏಳು ಬೆಳಿಗ್ಗೆ. ಅದರೊಂದಿಗೆ ಪಥ್ಯ: ಉಪ್ಪು, ಖಾರ, ಎಣ್ಣೆ, ಬೇಳೆ, ಮೊಟ್ಟೆ, ಮಾಂಸ ಕೂಡದು; ಅಕ್ಕಿ ಗಂಜಿ, ಮಜ್ಜಿಗೆ, ಕಬ್ಬಿನ ಹಾಲು ಮಾತ್ರ. ಕುಡಿತವನ್ನು ಅಂದೇ ಪೂರ್ತಿ ಬಿಡಿಸಿದರು.

ಐದನೇ ದಿನ ರಾತ್ರಿ ಕೈನಡುಕ, ಬೆವರು. ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂಬ ಮಾತು. ಗಾಳಿ ಸೋಕಿದೆ ಎಂದು ಆರನೇ ದಿನ ತಾಯತ ಕಟ್ಟಿಸಿದರು. ಏಳನೇ ದಿನ ಆಸ್ಪತ್ರೆ. ಹೆಂಡತಿ ಹೇಳಿದ್ದು ಇಷ್ಟೇ: ‘ಕುಡಿಯೋದು ಬಿಟ್ಟು ನಾಕು ದಿನ ಆಯ್ತು ಸಾರ್. ಪಥ್ಯ ಒಂಚೂರೂ ತಪ್ಪಿಲ್ಲ. ಆದ್ರೂ ಹಿಂಗಾಗೋದ್ರು.’

ಆಕೆಯ ಮಾತಿನಲ್ಲೇ ರೋಗನಿರ್ಣಯದ ಅರ್ಧ ಭಾಗವಿದೆ. ತಪ್ಪದೆ ಪಾಲಿಸಿದ ಪಥ್ಯ, ಏಕಾಏಕಿ ನಿಂತ ಮದ್ಯ, ಖಾಲಿ ಹೊಟ್ಟೆಗೆ ಸಕ್ಕರೆ. ಇವು ಮೂರೂ ನೆಲನೆಲ್ಲಿಗಿಂತ ದೊಡ್ಡ ಔಷಧಿಗಳಂತೆ ಕೆಲಸ ಮಾಡಿದ್ದವು, ತಿರುವು ಮುರುವಾಗಿ.

ಮೊದಲ ದಿನದ ಪರೀಕ್ಷೆ

ಕಾಮಾಲೆಯ ಹಳದಿ ವಸ್ತು ಬಿಲಿರುಬಿನ್ 14.2. ಲಿವರ್ ಕೋಶಕ್ಕೆ ಏಟು ಬಿದ್ದಾಗ ರಕ್ತಕ್ಕೆ ಸೋರುವ ಕಿಣ್ವಗಳು: ಎಸ್‌ಜಿಒಟಿ 168, ಎಸ್‌ಜಿಪಿಟಿ 62. ಕುಡಿತದಿಂದ ಏರುವ ಇನ್ನೊಂದು ಕಿಣ್ವ ಜಿಜಿಟಿ 412. ಆಲ್ಬುಮಿನ್ 2.6. ರಕ್ತ ಹೆಪ್ಪುಗಟ್ಟಲು ಹಿಡಿಯುವ ಪ್ರೋಥ್ರಾಂಬಿನ್ ಸಮಯ 22 ಸೆಕೆಂಡು, ಹೋಲಿಕೆಯ ಮಾದರಿಯಲ್ಲಿ 12. ಪ್ಲೇಟ್‌ಲೆಟ್ 98,000. ಕ್ರಿಯಾಟಿನಿನ್ 0.9. ಸೋಡಿಯಂ 128. ಬಿಳಿ ರಕ್ತಕಣ 13,800. ಕೆಂಪು ರಕ್ತಕಣದ ಗಾತ್ರ 106. ಸ್ಕ್ಯಾನಿಂಗ್‌ನಲ್ಲಿ ಊದಿದ, ಒರಟಾದ ಲಿವರ್, 13.5 ಸೆಂಮೀ ಗುಲ್ಮ, ಹೊಟ್ಟೆಯಲ್ಲಿ ನೀರು. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇಲ್ಲ.

ಓದುವ ಬಗೆ ಹೀಗೆ. ಮದ್ಯದಿಂದ ಲಿವರ್ ಉರಿಯೂತಗೊಂಡಾಗ ಎಸ್‌ಜಿಒಟಿ 50 ಮೀರಿರುತ್ತದೆ, ಎಸ್‌ಜಿಪಿಟಿಯ ಒಂದೂವರೆ ಪಟ್ಟಿಗಿಂತ ಹೆಚ್ಚಿರುತ್ತದೆ, ಎರಡೂ 400ರ ಒಳಗೇ ಇರುತ್ತವೆ. ಕಾಮಾಲೆ ಇಷ್ಟು ಗಾಢವಾಗಿದ್ದರೂ ಈ ಅಂಕಿಗಳು ಸಣ್ಣವಾಗಿ ಕಾಣುವುದು ಮನೆಯವರನ್ನು ದಾರಿ ತಪ್ಪಿಸುತ್ತದೆ. ‘ಎಸ್‌ಜಿಪಿಟಿ ಬರೀ 62’ ಎಂದು ಸಮಾಧಾನಪಡುವಂತಿಲ್ಲ. ತೀವ್ರತೆಯನ್ನು ಅಳೆಯುವುದು ಬೇರೆ ಲೆಕ್ಕ: ಪ್ರೋಥ್ರಾಂಬಿನ್ ಸಮಯದ ವ್ಯತ್ಯಾಸವನ್ನು 4.6ರಿಂದ ಗುಣಿಸಿ ಬಿಲಿರುಬಿನ್ ಕೂಡಿಸಬೇಕು. 10 × 4.6 + 14.2 = 60.2. 32 ದಾಟಿದರೆ ತೀವ್ರ, ಅಂದರೆ ತಿಂಗಳೊಪ್ಪತ್ತಿನಲ್ಲಿ ಜೀವಕ್ಕೆ ಅಪಾಯ ಇರುವ ಹಂತ. ಈ 400ರ ಗೆರೆಯನ್ನು ನೆನಪಿಟ್ಟುಕೊಳ್ಳಬೇಕು. ಎರಡೂವರೆ ತಿಂಗಳ ನಂತರ ಇದೇ ರೋಗಿಯಲ್ಲಿ ಅದು ಉಪಯೋಗಕ್ಕೆ ಬಂತು.

ಪ್ಯಾರಸಿಟಮಾಲಿನ ಮಾತು. ದಿನಕ್ಕೆ 2.6 ಗ್ರಾಂ ಆರೋಗ್ಯವಂತರಿಗೆ ಮಿತಿಯೊಳಗಿನ ಪ್ರಮಾಣ. ನಿತ್ಯ ಕುಡಿಯುವವರ ಲಿವರಿನಲ್ಲಿ ಸಿವೈಪಿ2ಇ1 ಎಂಬ ಕಿಣ್ವ ಹೆಚ್ಚಿರುತ್ತದೆ. ಅದು ಪ್ಯಾರಸಿಟಮಾಲನ್ನು ವಿಷಕಾರಿ ತುಣುಕಾಗಿ ಒಡೆಯುತ್ತದೆ. ಆ ವಿಷವನ್ನು ಕಟ್ಟಿಹಾಕುವ ಗ್ಲುಟಾಥಿಯೋನ್ ಮದ್ಯದಿಂದಲೂ ಉಪವಾಸದಿಂದಲೂ ಬರಿದಾಗಿರುತ್ತದೆ. ಹಾಗಾಗಿ ಇಂಥವರಿಗೆ ದಿನಕ್ಕೆ 2 ಗ್ರಾಂ ಮೀರಬಾರದು. ಇಲ್ಲಿ ಅದರ ಹಾನಿ ಆಗಿರಲಿಲ್ಲ ಎನ್ನಲು ಆಧಾರ ಎಸ್‌ಜಿಒಟಿಯೇ: ಪ್ಯಾರಸಿಟಮಾಲ್ ಹೊಡೆತ ಬಿದ್ದಿದ್ದರೆ ಅದು ಸಾವಿರಗಳಲ್ಲಿ ಇರುತ್ತಿತ್ತು.

ನಡುಕವೋ, ಮಿದುಳಿಗೆ ಏರಿದ ಲಿವರ್ ವಿಷವೋ? ಕುಡಿತ ನಿಂತ 48ರಿಂದ 96 ಗಂಟೆಯೊಳಗೆ ಶುರುವಾದ ಗೊಂದಲ, ನಾಡಿ 124, ಬೆವರು, ಕಣ್ಣಿಗೆ ಕಾಣುವ ಹುಳಗಳು. ಇದು ಮದ್ಯ ನಿಂತದ್ದರಿಂದ ಬರುವ ಸನ್ನಿ. ಲಿವರ್ ಸೋತು ಬರುವ ಗೊಂದಲದಲ್ಲಿ ಮನುಷ್ಯ ನಿಧಾನವಾಗುತ್ತಾನೆ, ಮಂಕಾಗುತ್ತಾನೆ, ಚಾಚಿದ ಅಂಗೈ ಹಕ್ಕಿಯ ರೆಕ್ಕೆಯಂತೆ ಬಿದ್ದು ಬಿದ್ದು ಏಳುತ್ತದೆ. ಎರಡೂ ಒಟ್ಟಿಗಿರಬಹುದು, ಆದ್ದರಿಂದ ಇಬ್ಬರು ವೈದ್ಯರು ನೋಡಿ ಒಪ್ಪುವುದು ಒಳ್ಳೆಯದು.

ಪಥ್ಯ ಮಾಡಿದ ಕೇಡು

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಪಥ್ಯ ಹೇಳಿದವರಾಗಲಿ ಪಾಲಿಸಿದವರಾಗಲಿ ಕೆಟ್ಟದ್ದು ಬಯಸಿದವರಲ್ಲ.

ಆ ನಾಲ್ಕು ದಿನ ಒಳಹೋದದ್ದು ದಿನಕ್ಕೆ ಸುಮಾರು 700 ಕ್ಯಾಲರಿ, 15 ಗ್ರಾಂ ಪ್ರೋಟೀನ್. 54 ಕಿಲೊ ತೂಕದ ಇಂಥ ರೋಗಿಗೆ ಬೇಕಾದ್ದು ಕಿಲೊಗೆ 35 ಕ್ಯಾಲರಿಯಂತೆ 1,890, ಪ್ರೋಟೀನ್ ಕಿಲೊಗೆ 1.5 ಗ್ರಾಂನಂತೆ 81. ಲಿವರ್ ಸೊರಗಿದಾಗ ಅದರ ಸಕ್ಕರೆಯ ದಾಸ್ತಾನು ಒಂದು ರಾತ್ರಿಗೂ ಸಾಲುವುದಿಲ್ಲ. ದೇಹ ತನ್ನ ಸ್ನಾಯುವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಮಿದುಳಿಗೆ ವಿಷವಾಗುವ ಅಮೋನಿಯಾವನ್ನು, ಲಿವರ್ ಬಿಟ್ಟರೆ, ಹಿಡಿದಿಡುವ ಎರಡನೇ ಜಾಗ ಸ್ನಾಯು. ಸ್ನಾಯು ಕರಗಿದಷ್ಟೂ ಅಮೋನಿಯಾ ಮಿದುಳಿಗೆ ಏರುವುದು ಸಲೀಸು. ಬೇಳೆ, ಮೊಟ್ಟೆ ನಿಲ್ಲಿಸಿದ್ದು ಲಿವರಿಗೆ ವಿಶ್ರಾಂತಿ ಕೊಡಲು. ಆದದ್ದು ಅದರ ತದ್ವಿರುದ್ಧ.

ಕಬ್ಬಿನ ಹಾಲಿನ ಅಪಾಯ ಇನ್ನೂ ಸೂಕ್ಷ್ಮ. ವರ್ಷಗಟ್ಟಲೆ ಕುಡಿದವರಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ತಳ ಕಂಡಿರುತ್ತದೆ. ಸಕ್ಕರೆಯನ್ನು ಉರಿಸಲು ಥಯಾಮಿನ್ ಬೇಕು. ಉಪವಾಸದ ಹೊಟ್ಟೆಗೆ ಲೋಟಗಟ್ಟಲೆ ಸಕ್ಕರೆ ಬಿದ್ದಾಗ ಉಳಿದ ಚೂರು ಥಯಾಮಿನ್ನೂ ಖರ್ಚಾಗಿ ಮಿದುಳಿಗೆ ಶಾಶ್ವತ ಏಟು ಬೀಳಬಹುದು. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಒಮ್ಮೆಲೇ ಕುಸಿಯುತ್ತವೆ. ಗ್ಲೂಕೋಸ್ ಡ್ರಿಪ್ ಹಾಕುವಾಗಲೂ ಇದೇ ನಿಯಮ: ಮೊದಲು ಥಯಾಮಿನ್ ಚುಚ್ಚುಮದ್ದು, ಆಮೇಲೆ ಗ್ಲೂಕೋಸ್. ಹಳ್ಳಿಯ ಕ್ಲಿನಿಕ್ಕುಗಳಲ್ಲಿ ‘ನಿತ್ರಾಣ’ ಎಂದು ಬಂದ ಕುಡಿತದ ರೋಗಿಗೆ ನೇರ ಗ್ಲೂಕೋಸ್ ಬಾಟಲಿ ಏರಿಸುವುದು ಈಗಲೂ ನಡೆಯುತ್ತದೆ. ಅದು ನಿಲ್ಲಬೇಕು.

ಕಾಮಾಲೆಗೆ ನೆಲನೆಲ್ಲಿ ಹೆಸರು ಮಾಡಿದ್ದು ಎಲ್ಲಿಂದ?

ಹಳ್ಳಿಯಲ್ಲಿ ಕಾಮಾಲೆ ಬರುವ ಹೆಚ್ಚಿನವರು ಮಕ್ಕಳು, ಹುಡುಗರು. ನೀರಿನಿಂದ ಬರುವ ಹೆಪಟೈಟಿಸ್ ಎ. ಅದು ಏನೂ ಕೊಡದಿದ್ದರೂ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಏಳು ದಿನದ ಔಷಧಿಗೆ ಆ ಇಳಿತದ ಕೀರ್ತಿ ಸಲ್ಲುತ್ತದೆ. ಮದ್ಯದ ಕಾಮಾಲೆಗೂ ಅದೇ ಹೆಸರು, ಅದೇ ಬಣ್ಣ, ಹಾಗಾಗಿ ಅದೇ ಔಷಧಿ. ಕಾಯಿಲೆ ಮಾತ್ರ ಬೇರೆ.

ಗಿಡದಲ್ಲಿ ಏನೂ ಇಲ್ಲ ಎಂದರೆ ತಪ್ಪಾಗುತ್ತದೆ. ಫಿಲಾಂಥಿನ್, ಹೈಪೊಫಿಲಾಂಥಿನ್ ಎಂಬ ಲಿಗ್ನಾನ್‌ಗಳಿವೆ, ಟ್ಯಾನಿನ್‌ಗಳಿವೆ. 1988ರಲ್ಲಿ ಮದ್ರಾಸಿನಲ್ಲಿ ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ನೆಲನೆಲ್ಲಿ ಪುಡಿ 200 ಮಿಗ್ರಾಂ ದಿನಕ್ಕೆ ಮೂರು ಬಾರಿ 30 ದಿನ ಕೊಟ್ಟಾಗ 37ರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು. ಹೋಲಿಕೆಗೆಂದು ಔಷಧಿಯಿಲ್ಲದ ಹುಸಿ ಪುಡಿ ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡಿತು. ಬೇರೆಡೆ ಮಾಡಿದ ನಂತರದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಬರಲಿಲ್ಲ. ಅದೂ ವೈರಸ್ಸಿನ ವಿಚಾರ, ಮದ್ಯದ್ದಲ್ಲ.

ಪ್ರಯೋಗಾಲಯದಲ್ಲಿ ‘ಲಿವರ್ ರಕ್ಷಕ’ ಎಂದು ಗೆದ್ದ ಗಿಡಗಳ ಪಟ್ಟಿ ಉದ್ದವಿದೆ: ನೆಲನೆಲ್ಲಿ, ನೆಲಬೇವು, ಗರಗ, ಕೊಮ್ಮೆ, ಕಟುಕರೋಹಿಣಿ. ಗೆದ್ದ ಬಗೆಯನ್ನು ನೋಡಬೇಕು. ಇಲಿಗೆ ಕೆಲವು ದಿನ ಸಾರ ಕುಡಿಸುತ್ತಾರೆ, ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷವನ್ನೋ ಮದ್ಯವನ್ನೋ ಕೊಡುತ್ತಾರೆ, ಮರುದಿನ ರಕ್ತ ಪರೀಕ್ಷಿಸುತ್ತಾರೆ. ರಕ್ಷಣೆ ಮೊದಲು, ಏಟು ಆಮೇಲೆ. ನಮ್ಮ ರೋಗಿಯಲ್ಲಿ ಏಟು 15 ವರ್ಷ ಬಿದ್ದಿದೆ, ನಾರು ಬೆಳೆದಿದೆ, ಗುಲ್ಮ ಊದಿದೆ. ಇಲಿಯಾದರೋ ಮದ್ಯವನ್ನು ಇಷ್ಟಪಡುವ ಪ್ರಾಣಿಯೇ ಅಲ್ಲ. ಅದಕ್ಕೆ ಮದ್ಯ ಒಂದರಿಂದಲೇ ಸಿರೋಸಿಸ್, ಅಂದರೆ ಲಿವರ್ ನಾರುಗಟ್ಟಿ ಗಟ್ಟಿಯಾಗುವ ಕಾಯಿಲೆ, ಬರಿಸುವುದು ಬಹಳ ಕಷ್ಟ.

ಪ್ರಮಾಣದ ಲೆಕ್ಕ ಇನ್ನೊಂದು. ಇಲಿಗೆ ಕಿಲೊ ತೂಕಕ್ಕೆ 200 ಮಿಗ್ರಾಂ ಸಾರ ಕೊಟ್ಟು ಫಲ ಕಂಡಿತು ಎನ್ನೋಣ. ಮೈಯ ವಿಸ್ತೀರ್ಣದ ಲೆಕ್ಕದಲ್ಲಿ ಮನುಷ್ಯನಿಗೆ ಅದನ್ನು 6.2ರಿಂದ ಭಾಗಿಸಬೇಕು: ಕಿಲೊಗೆ ಸುಮಾರು 32 ಮಿಗ್ರಾಂ, 54 ಕಿಲೊಗೆ 1.7 ಗ್ರಾಂ ಸಾರ. ಒಣ ಗಿಡದಿಂದ ಹತ್ತನೇ ಒಂದು ಪಾಲು ಸಾರ ಇಳಿಯುವುದಾದರೆ 17 ಗ್ರಾಂ ಒಣ ಗಿಡ, ದಿನಾ. ನಿಂಬೆ ಗಾತ್ರದ ಹಸಿ ಉಂಡೆಯಲ್ಲಿ ಹೆಚ್ಚಿನದು ನೀರು. ಅಂಗಡಿಯ 250 ಮಿಗ್ರಾಂ ಕ್ಯಾಪ್ಸೂಲು ಅದರ ಹತ್ತಿರಕ್ಕೂ ಬರುವುದಿಲ್ಲ.

ಗಿಡ ಅದೇನಾ ಎಂಬ ಪ್ರಶ್ನೆಯೂ ಉಳಿಯುತ್ತದೆ. ದಕ್ಷಿಣ ಭಾರತದ 25 ಅಂಗಡಿಗಳಿಂದ ತಂದ ನೆಲನೆಲ್ಲಿಯನ್ನು ಡಿಎನ್‌ಎ ಗುರುತಿನಿಂದ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕನೇ ಮೂರು ಪಾಲು ಅಂಗಡಿಗಳದು ಬಹುಪಾಲು ಅಸಲಿ ಜಾತಿ. ಉಳಿದವುಗಳಲ್ಲಿ ನೋಡಲು ಹಾಗೇ ಇರುವ ಅದರ ದಾಯಾದಿ ಜಾತಿಗಳು ಬೆರೆತಿದ್ದವು. ಕೋಲಾರದ ಕಡೆ ಇನ್ನೊಂದು ತೊಡಕಿದೆ. ಮಳೆ ಬಿದ್ದಾಗ ನೆಲನೆಲ್ಲಿ ಚೆನ್ನಾಗಿ ಏಳುವುದು ಟೊಮ್ಯಾಟೊ ತೋಟದ ಬದುವಿನಲ್ಲಿ, ಸಾಲಿನ ನಡುವೆ. ಟೊಮ್ಯಾಟೊಗೆ ಸಿಂಪಡಿಸಿದ ಕೀಟನಾಶಕ, ಶಿಲೀಂಧ್ರನಾಶಕ ಅದರ ಮೇಲೂ ಬಿದ್ದಿರುತ್ತದೆ. ಹಸಿ ಗಿಡವನ್ನು ಬೇರು ಸಮೇತ ಅರೆದು ಕುಡಿಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ವಾರ್ಡಿನಲ್ಲಿ ಮಾಡಿದ್ದು

ಸನ್ನಿ ತಗ್ಗಿಸುವ ಲೊರಾಜೆಪಾಮ್, ನಡುಕ ಮತ್ತು ನಾಡಿ ನೋಡಿಕೊಂಡು, ಐದು ದಿನದಲ್ಲಿ ಇಳಿಸುತ್ತ ನಿಲ್ಲಿಸಿದ್ದು. ಲಿವರ್ ಕೆಟ್ಟವರಲ್ಲಿ ಡಯಾಜೆಪಾಮ್‌ಗಿಂತ ಇದು ಮೇಲು, ಏಕೆಂದರೆ ದೇಹದಲ್ಲಿ ಗಂಟೆಗಟ್ಟಲೆ ಶೇಖರವಾಗುತ್ತ ಹೋಗುವುದಿಲ್ಲ. ಥಯಾಮಿನ್ ರಕ್ತನಾಳದ ಮೂಲಕ. ಮೆಗ್ನೀಸಿಯಂ, ಪೊಟ್ಯಾಸಿಯಂ ತುಂಬಿದ್ದು. ಹೊಟ್ಟೆಯ ನೀರನ್ನು ಸೂಜಿಯಿಂದ ತೆಗೆದು ನೋಡಿದರೆ ಸೋಂಕಿನ ಕಣಗಳು 250ರ ಒಳಗೆ. ಎದೆಯ ಎಕ್ಸ್‌ರೇ, ಮೂತ್ರ ಮತ್ತು ರಕ್ತದ ಕಲ್ಚರ್ ಸ್ವಚ್ಛ ಎಂದು ಖಾತ್ರಿಯಾದ ಮೇಲೆ ಉರಿಯೂತ ತಗ್ಗಿಸುವ ಸ್ಟೆರಾಯ್ಡ್ ಪ್ರೆಡ್ನಿಸೊಲೋನ್, ದಿನಕ್ಕೆ 40 ಮಿಗ್ರಾಂ.

ಸ್ಟೆರಾಯ್ಡ್ ಕೊಡುವುದೋ ಬಿಡುವುದೋ ಎಂಬುದು ಸುಲಭದ ತೀರ್ಮಾನವಲ್ಲ. 2015ರಲ್ಲಿ ಬ್ರಿಟನ್ನಿನಿಂದ ಬಂದ, 1,100ಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ 28 ದಿನದ ಸಾವು ಪ್ರೆಡ್ನಿಸೊಲೋನ್ ಪಡೆದವರಲ್ಲಿ ಶೇ 14, ಪಡೆಯದವರಲ್ಲಿ ಶೇ 17. ಸೋಂಕು ಸ್ಟೆರಾಯ್ಡ್ ಗುಂಪಿನಲ್ಲಿ ಹೆಚ್ಚು. ಆದ್ದರಿಂದ ಸ್ಟೆರಾಯ್ಡ್ ಶುರುವಾದ ಏಳನೇ ದಿನ, ಅದು ಫಲಿಸಿತೇ ಎಂದು ಅಳೆಯುವ ಲಿಲ್ ಅಂಕ ಹಾಕಿ ನೋಡುವುದು ನಿಯಮ: 0.45 ಮೀರಿದರೆ ಫಲವಿಲ್ಲ, ನಿಲ್ಲಿಸಬೇಕು. ಇವರ ಬಿಲಿರುಬಿನ್ ಏಳನೇ ದಿನ 8.6ಕ್ಕೆ ಇಳಿದಿತ್ತು, ಲಿಲ್ ಅಂಕ 0.09. 28 ದಿನ ಮುಂದುವರಿಸಿ, ನಂತರ ಎರಡು ವಾರದಲ್ಲಿ ಇಳಿಸಿ ನಿಲ್ಲಿಸಲು ನಿರ್ಧಾರವಾಯಿತು.

ಊಟಕ್ಕೆ ಯಾವ ದುಬಾರಿ ಪುಡಿಯೂ ಬೇಕಾಗಲಿಲ್ಲ. ಫಾಸ್ಫೇಟ್ ನೋಡಿಕೊಂಡು ಮೊದಲ ಮೂರು ದಿನ ಅರ್ಧ ಪ್ರಮಾಣ, ಆಮೇಲೆ ಪೂರ್ತಿ. ಬೆಳಿಗ್ಗೆ ಎದ್ದ ಕೂಡಲೇ 30 ಗ್ರಾಂ ರಾಗಿ ಹಿಟ್ಟಿನ ಅಂಬಲಿಗೆ 200 ಮಿಲಿ ಹಾಲು. ಒಂಬತ್ತಕ್ಕೆ ಮೂರು ಇಡ್ಲಿ, ಗಟ್ಟಿ ಸಾಂಬಾರು, ಒಂದು ಮೊಟ್ಟೆ. ಹನ್ನೊಂದಕ್ಕೆ ಹಿಡಿ ಕಡಲೆಕಾಯಿ, ಬಾಳೆಹಣ್ಣು. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆ, 40 ಗ್ರಾಂ ತೊಗರಿಬೇಳೆಯ ಮಸ್ಸೊಪ್ಪು, ಇನ್ನೊಂದು ಮೊಟ್ಟೆ, ಒಂದು ಬಟ್ಟಲು ಮೊಸರು. ಸಂಜೆ 30 ಗ್ರಾಂ ಹೆಸರುಕಾಳಿನ ಮೊಳಕೆ ಉಸಲಿ. ರಾತ್ರಿ ಅನ್ನ, ಕಾಳಿನ ಸಾರು. ಮಲಗುವ ಮುನ್ನ ಹಾಲು, ಎರಡು ಚಮಚ ಹುರಿಗಡಲೆ ಪುಡಿ. ಒಟ್ಟು 85 ಗ್ರಾಂ ಆಸುಪಾಸು ಪ್ರೋಟೀನ್, 2,000 ಕ್ಯಾಲರಿಗೆ ಮೇಲೆ. ಹತ್ತು ಗಂಟೆಯ ಆ ಲೋಟ ಹಾಲನ್ನು ಯಾವ ಕಾರಣಕ್ಕೂ ಬಿಡಬಾರದು. ರಾತ್ರಿಯ ಉಪವಾಸವನ್ನು ಅದು ಮುರಿಯುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಅಡುಗೆಗೆ ಒಂದು ಸಣ್ಣ ಚಮಚ; ಉಪ್ಪಿನಕಾಯಿ, ಹಪ್ಪಳ ಇಲ್ಲ. ಪೂರ್ತಿ ಉಪ್ಪು ಬಿಡಿಸಿದರೆ ರೋಗಿ ಊಟವನ್ನೇ ಬಿಡುತ್ತಾನೆ. ಸೋತ ಬಾಯಿಗೆ ನಿಂಬೆರಸ, ಕೊತ್ತಂಬರಿ, ಬೆಳ್ಳುಳ್ಳಿ ಸಾಲುತ್ತವೆ.

ಚಿಕಿತ್ಸೆ ಶುರುವಾದ 17ನೇ ದಿನ ಮನೆಗೆ. ಬಿಲಿರುಬಿನ್ 5.1.

ಎರಡನೇ ಏಟು

60ನೇ ದಿನ ಎಲ್ಲ ಸರಿಯಿತ್ತು: ಬಿಲಿರುಬಿನ್ 2.1, ಎಸ್‌ಜಿಒಟಿ 58, ಎಸ್‌ಜಿಪಿಟಿ 34, ಜಿಜಿಟಿ 96. 75ನೇ ದಿನ ಮತ್ತೆ ಕಣ್ಣು ಹಳದಿ, ವಾಕರಿಕೆ. ಬಿಲಿರುಬಿನ್ 5.8, ಎಸ್‌ಜಿಒಟಿ 512, ಎಸ್‌ಜಿಪಿಟಿ 486.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಮತ್ತೆ ಕುಡಿದಿದ್ದಾನೆ. ಹೆಂಡತಿಯ ಮುಂದೆಯೇ ಹಾಗೆ ಕೇಳಿಬಿಡುವುದೂ ಉಂಟು. ಅಂಕಿಗಳು ಅದನ್ನು ಒಪ್ಪಲಿಲ್ಲ. ಎರಡೂ 400 ದಾಟಿವೆ, ಎರಡೂ ಸರಿಸಮ. ಮದ್ಯದ ಸಹಿ ಅದಲ್ಲ. ಜಿಜಿಟಿ ಏರಿಲ್ಲ. ಮೂತ್ರದಲ್ಲಿ ಎಥೈಲ್ ಗ್ಲುಕುರೊನೈಡ್ ಇಲ್ಲ, ಅಂದರೆ ಹಿಂದಿನ ಮೂರು ದಿನಗಳಲ್ಲಿ ಕುಡಿತವಿಲ್ಲ. ಹೆಪಟೈಟಿಸ್ ಎ, ಇ ಮತ್ತೆ ನೋಡಿದರೂ ಇಲ್ಲ. ಎಸ್‌ಜಿಪಿಟಿ ಮಾಮೂಲಿ ಮಿತಿಯ 12 ಪಟ್ಟು, ಪಿತ್ತನಾಳದ ಕಿಣ್ವ ಆಲ್ಕಲೈನ್ ಫಾಸ್ಫಟೇಸ್ 1.15 ಪಟ್ಟು, ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಹತ್ತಕ್ಕೂ ಮೇಲೆ. ಐದು ದಾಟಿದರೆ ಏಟು ಬಿದ್ದಿರುವುದು ಪಿತ್ತನಾಳಕ್ಕಲ್ಲ, ಲಿವರಿನ ಕೋಶಕ್ಕೆ. ರೋಗನಿರೋಧಕ ಶಕ್ತಿ ಸ್ವಂತ ಅಂಗದ ಮೇಲೆ ತಿರುಗಿದಾಗ ಏರುವ ಗುರುತುಗಳೂ ಏರಿದ್ದವು: ಐಜಿಜಿ 2,240, ಎಎನ್‌ಎ 1:160.

ಆಗ ಕೇಳಬೇಕಾದ ಪ್ರಶ್ನೆ ‘ಏನಾದರೂ ಔಷಧಿ ತಗೊಂಡ್ರಾ?’ ಅಲ್ಲ. ಅದಕ್ಕೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಹಿತ್ತಲಿನದು ಔಷಧಿಯ ಲೆಕ್ಕದಲ್ಲಿಲ್ಲ. ‘ಬೆಳಿಗ್ಗೆ ಎದ್ದು ಮೊದಲು ಏನು ಕುಡೀತೀರಿ? ಕಷಾಯ ಏನಾದ್ರೂ? ಯಾರು ಕಾಯಿಸ್ತಾರೆ?’ ಎಂದು ಕೇಳಿದಾಗ ಉತ್ತರ ಬಂತು. ಭಾವಮೈದ ತಂದುಕೊಟ್ಟ ತಿಪ್ಪತೀಗೆ ಬಳ್ಳಿ, ಅಂದರೆ ಅಮೃತಬಳ್ಳಿ. ಗೇಣುದ್ದದ ಕಾಂಡ ಜಜ್ಜಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವಂತೆ ಕುದಿಸಿ, 24ನೇ ದಿನದಿಂದ ತಪ್ಪದೆ. ಜೊತೆಗೆ 12 ದಿನದಿಂದ ಮೊಬೈಲಿನಲ್ಲಿ ತರಿಸಿದ ‘ಲಿವರ್ ಶುದ್ಧಿ’ ಕ್ಯಾಪ್ಸೂಲು: ಕರ್ಕ್ಯುಮಿನ್ 500 ಮಿಗ್ರಾಂ, ಮೆಣಸಿನ ಪೈಪರೀನ್ 5 ಮಿಗ್ರಾಂ, ಸಿಲಿಮರಿನ್ 140 ಮಿಗ್ರಾಂ.

ಅಮೃತಬಳ್ಳಿ ದೇಹದ ರೋಗನಿರೋಧಕ ಕಣಗಳನ್ನು ಚುರುಕುಗೊಳಿಸುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದದ್ದೂ ಅದರಿಂದಲೇ. ಕೆಲವರಲ್ಲಿ ಆ ಚುರುಕು ಸ್ವಂತ ಲಿವರಿನ ಮೇಲೇ ತಿರುಗುತ್ತದೆ. 2021ರಲ್ಲಿ ಮುಂಬೈನ ವೈದ್ಯರು ಇಂಥ ಆರು ರೋಗಿಗಳನ್ನು ವರದಿ ಮಾಡಿದರು. 2022ರಲ್ಲಿ ದೇಶದ 13 ಕೇಂದ್ರಗಳು ಸೇರಿ 43 ರೋಗಿಗಳನ್ನು ದಾಖಲಿಸಿದವು. ಬಳ್ಳಿ ಶುರುಮಾಡಿ ತೊಂದರೆ ಕಾಣಿಸಿಕೊಳ್ಳಲು ಹಿಡಿದ ಮಧ್ಯಮ ಅವಧಿ 46 ದಿನ. ಕೇಂದ್ರ ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಇನ್ನೊಂದು ಜಾತಿಯ ಬಳ್ಳಿ ಬೆರೆತಿರಬಹುದು ಎಂದಿತು. ಬಳ್ಳಿ ಗುರುತಿಸುವ ಎಚ್ಚರ ಬೇಕೆಂಬುದು ನ್ಯಾಯವಾದ ಮಾತೇ. ಆದರೆ ರೋಗಿಯ ಮಟ್ಟಿಗೆ ತೀರ್ಮಾನ ಬದಲಾಗುವುದಿಲ್ಲ: ಬೇಲಿಯ ಮೇಲಿನ ಬಳ್ಳಿ ಯಾವ ಜಾತಿಯೆಂದು ಮನೆಯಲ್ಲಿ ಹೇಳಲಾಗದಿದ್ದರೆ, ಕೆಟ್ಟ ಲಿವರ್ ಇರುವವರು ಅದನ್ನು ಕುಡಿಯಬಾರದು.

ಇಲ್ಲಿ ಕಷಾಯ 51 ದಿನ ನಡೆದಿತ್ತು. ಮೊದಲ 18 ದಿನ ಏನೂ ಆಗದಿರಲು ಒಂದು ಕಾರಣ ಕಾಣುತ್ತದೆ: ಆಗ ಪ್ರೆಡ್ನಿಸೊಲೋನ್ ಇನ್ನೂ ನಡೆಯುತ್ತಿತ್ತು. ಮದ್ಯದ ಉರಿಯೂತಕ್ಕೆ ಕೊಟ್ಟ ಸ್ಟೆರಾಯ್ಡ್, ಬಳ್ಳಿ ಎಬ್ಬಿಸಿದ ಉರಿಯನ್ನೂ ಮುಚ್ಚಿಟ್ಟಿತ್ತು. 42ನೇ ದಿನ ಅದು ನಿಂತಿತು. ಒಂದು ತಿಂಗಳಲ್ಲಿ ಉರಿ ಹೊರಬಿತ್ತು.

ಕ್ಯಾಪ್ಸೂಲನ್ನೂ ನಿರ್ದೋಷಿ ಎನ್ನುವಂತಿಲ್ಲ. ಅರಿಶಿನದ ಕರ್ಕ್ಯುಮಿನ್ ತಾನಾಗಿ ರಕ್ತಕ್ಕೆ ಸೇರುವುದೇ ಇಲ್ಲವೆನ್ನುವಷ್ಟು ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಗ್ರಾಂ ಪೈಪರೀನ್ ಕೊಟ್ಟು, ರಕ್ತಕ್ಕೆ ಸೇರುವ ಪ್ರಮಾಣ ಶೇ 2,000ದಷ್ಟು ಏರುತ್ತದೆ ಎಂದು ತೋರಿಸಿದರು. ಇಂದು ಜಗತ್ತಿನಾದ್ಯಂತ ಅರಿಶಿನದ ಕ್ಯಾಪ್ಸೂಲಿಗೆ ಮೆಣಸಿನ ಸಾರ ಬೆರೆಸುವುದು ಆ ಆಧಾರದ ಮೇಲೆ. ಹೀರಿಕೆ ಏರಿದಂತೆ ಅಪಾಯವೂ ಬಂತು: ಅಮೆರಿಕದಲ್ಲಿ ಔಷಧಿಗಳಿಂದಾಗುವ ಲಿವರ್ ಹಾನಿಯನ್ನು ದಾಖಲಿಸುವ ಜಾಲ ಅರಿಶಿನದಿಂದಾದ 10 ಪ್ರಕರಣಗಳನ್ನು ವರದಿ ಮಾಡಿತು, ಅವರಲ್ಲಿ 7 ಮಂದಿ ಒಂದೇ ಬಗೆಯ ವಂಶವಾಹಿ ಗುರುತು ಹೊತ್ತವರು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಈ ಕ್ಯಾಪ್ಸೂಲಿಗೂ ಹೋಲಿಕೆಯೇ ಇಲ್ಲ.

ಎರಡೂ ಅಂದೇ ನಿಂತವು. ಮೂರನೇ ದಿನ, ಏಳನೇ ದಿನ ಪ್ರೋಥ್ರಾಂಬಿನ್ ಸಮಯ ನೋಡಿದ್ದು. ಅದು ಏರುತ್ತಿದ್ದರೆ ಬೆಂಗಳೂರಿಗೆ ಕಳಿಸಿ ಕುತ್ತಿಗೆಯ ರಕ್ತನಾಳದ ಮೂಲಕ ಲಿವರ್ ತುಣುಕು ತೆಗೆಸಿ ಮತ್ತೆ ಸ್ಟೆರಾಯ್ಡ್ ಕೊಡಬೇಕಾಗುತ್ತಿತ್ತು. ಏರಲಿಲ್ಲ. ಎಸ್‌ಜಿಪಿಟಿ 82ನೇ ದಿನ 298, 89ಕ್ಕೆ 171, 117ಕ್ಕೆ 52. ಕಾಲದ ಲೆಕ್ಕ ಕಷಾಯದ ಕಡೆಗೇ ಬೆರಳು ತೋರುತ್ತದೆ. ಖಾತ್ರಿಗೆಂದು ಮತ್ತೆ ಕುಡಿಸಿ ನೋಡುವುದು ಮಾತ್ರ ಎಂದಿಗೂ ಕೂಡದು. ಎರಡನೇ ಸಲದ ಏಟು ಮೊದಲಿನದಕ್ಕಿಂತ ಬೇಗ, ಬಲವಾಗಿ ಬೀಳುತ್ತದೆ.

ಸಿಲಿಮರಿನ್ ಕೊಡಬಹುದಿತ್ತೇ?

ಮನೆಯವರು ಕೇಳಿದ್ದು ಇದನ್ನೇ, ಕೇಳಬೇಕಾದ ಪ್ರಶ್ನೆಯೂ ಹೌದು. ಯುರೋಪಿನ ಹಾಲು ಮುಳ್ಳುಗಿಡದ ಬೀಜದ ಸಾರ ಸಿಲಿಮರಿನ್. ಅದರ ಮುಖ್ಯ ಅಂಶ ಸಿಲಿಬಿನಿನ್. ಸಸ್ಯಮೂಲದ ಲಿವರ್ ಔಷಧಿಗಳಲ್ಲಿ ಮನುಷ್ಯರ ಮೇಲೆ ಅತಿ ಹೆಚ್ಚು ಪರೀಕ್ಷೆಯಾದದ್ದು ಇದು. ವಿಷದ ಅಣಬೆ ತಿಂದವರಿಗೆ ಸಿಲಿಬಿನಿನ್ ಅನ್ನು ಕಿಲೊಗೆ ದಿನಕ್ಕೆ 20 ಮಿಗ್ರಾಂನಂತೆ ರಕ್ತನಾಳದ ಮೂಲಕ ಯುರೋಪಿನಲ್ಲಿ ಕೊಡುತ್ತಾರೆ. ಅಣಬೆಯ ವಿಷ ಲಿವರ್ ಕೋಶದೊಳಗೆ ನುಗ್ಗುವ ಬಾಗಿಲನ್ನು ಅದು ತಡೆಯುತ್ತದೆ. ಮದ್ಯಕ್ಕೆ ಅಂಥ ಬಾಗಿಲಿಲ್ಲ. ಮದ್ಯ ಕೋಶದ ಪೊರೆಯನ್ನು ಸುಮ್ಮನೆ ದಾಟಿ ಒಳಗೆ ಹೋಗಿ ಅಸಿಟಾಲ್ಡಿಹೈಡ್ ಆಗುತ್ತದೆ.

1989ರಲ್ಲಿ 170 ಸಿರೋಸಿಸ್ ರೋಗಿಗಳ ಪ್ರಯೋಗದಲ್ಲಿ ದಿನಕ್ಕೆ 420 ಮಿಗ್ರಾಂ ಸಿಲಿಮರಿನ್ ಪಡೆದವರಲ್ಲಿ ನಾಲ್ಕು ವರ್ಷ ಬದುಕುಳಿದವರು ಶೇ 58, ಉಳಿದವರಲ್ಲಿ ಶೇ 39. ಆಶೆ ಹುಟ್ಟಿತು. 1998ರಲ್ಲಿ ಸ್ಪೇನಿನಲ್ಲಿ ಮದ್ಯದ ಸಿರೋಸಿಸ್ ಇದ್ದ 200 ಮಂದಿಗೆ 450 ಮಿಗ್ರಾಂ ಕೊಟ್ಟಾಗ ಸಾವಿನಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಪ್ರಮಾಣ ಸಾಲದೇನೋ ಎಂದು 2012ರಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗೆ 700 ಮಿಗ್ರಾಂ ದಿನಕ್ಕೆ ಮೂರು ಬಾರಿ, 24 ವಾರ ಕೊಟ್ಟು ನೋಡಿದರು, ಎಸ್‌ಜಿಪಿಟಿ ಕದಲಲಿಲ್ಲ. ಬಾಯಿಯಿಂದ ಕೊಟ್ಟ ಸಿಲಿಬಿನಿನ್ ನೀರಿನಲ್ಲಿ ಕರಗುವುದು ಕಡಿಮೆ. ರಕ್ತಕ್ಕೆ ಸೇರಿದ್ದನ್ನೂ ಲಿವರ್ ಕೂಡಲೇ ಬೇರೆ ರೂಪಕ್ಕೆ ಬದಲಿಸಿ ಪಿತ್ತದಲ್ಲಿ ಹೊರಹಾಕುತ್ತದೆ. ಸಿಲಿಮರಿನ್ ಕೆಡುಕು ಮಾಡುವ ಮಾತ್ರೆಯಲ್ಲ. ಕುಡಿತ ನಿಂತು, ಊಟ ಸರಿಯಾಗಿ, ಕೈಯಲ್ಲಿ ದುಡ್ಡಿದ್ದು ತೆಗೆದುಕೊಂಡರೆ ತಡೆಯಬೇಕಿಲ್ಲ. ಮೊಟ್ಟೆಯ ದುಡ್ಡಿನಲ್ಲಿ ಅದನ್ನು ಕೊಳ್ಳುವುದಾದರೆ ಬೇಡ. ‘ಮಾತ್ರೆ ಇದೆಯಲ್ಲ’ ಎಂದು ಕುಡಿಯುವುದಾದರೆ ಖಂಡಿತ ಬೇಡ.

ಸಸ್ಯಮೂಲದ್ದರಲ್ಲಿ ಇವರಿಗೆ ಬರೆದುಕೊಟ್ಟದ್ದು ಒಂದೇ, ಅದೂ ಔಷಧಿಯೆಂದಲ್ಲ: ಸಕ್ಕರೆ ಕಡಿಮೆ ಹಾಕಿದ ಫಿಲ್ಟರ್ ಕಾಫಿ, ದಿನಕ್ಕೆ ಎರಡು ಲೋಟ. 2006ರಲ್ಲಿ ಕ್ಯಾಲಿಫೋರ್ನಿಯಾದ 1,25,000ಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ ಕಾಫಿ ಕುಡಿಯುವವರಲ್ಲಿ ಮದ್ಯದ ಸಿರೋಸಿಸ್ ಕಡಿಮೆಯಿತ್ತು. 2016ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ದಿನಕ್ಕೆ ಎರಡು ಕಪ್ ಹೆಚ್ಚು ಕುಡಿಯುವವರಲ್ಲಿ ಸಿರೋಸಿಸ್ ಶೇ 44ರಷ್ಟು ಕಡಿಮೆ. ಇವು ಜನರ ಅಭ್ಯಾಸ ಗಮನಿಸಿ ಬರೆದ ಅಂಕಿಗಳು, ಕಾಫಿ ಕೊಟ್ಟು ಪರೀಕ್ಷಿಸಿದವಲ್ಲ; ಅಷ್ಟರ ಮಟ್ಟಿಗೇ ನಂಬಬೇಕು. ನಿದ್ದೆ ಕೆಡದಂತೆ ಸಂಜೆ ನಾಲ್ಕರ ನಂತರ ಬೇಡ ಎಂದೂ ಹೇಳಿತ್ತು.

ಕುಡಿತದ ಚಪಲಕ್ಕೆ ಬ್ಯಾಕ್ಲೊಫೆನ್ 5 ಮಿಗ್ರಾಂ ದಿನಕ್ಕೆ ಮೂರು ಬಾರಿಯಿಂದ ಆರಂಭಿಸಿ 10ಕ್ಕೆ ಏರಿಸಿದ್ದು. ಸಿರೋಸಿಸ್ ಇರುವವರಲ್ಲೂ ಪರೀಕ್ಷೆಯಾದ ಔಷಧಿ ಇದು. ಮಂಪರು ಬಂದರೆ ಟೆಂಪೊ ಓಡಿಸಕೂಡದು, ಏಕಾಏಕಿ ನಿಲ್ಲಿಸಕೂಡದು. ಊಟದಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ ಬೇಡವೆಂದು ಹೆಂಡತಿಗೂ ಭಾವಮೈದನಿಗೂ ಬೇರೆಯಾಗಿ ಕೂರಿಸಿ ಹೇಳಬೇಕಾಯಿತು: ಅದರಲ್ಲಿ ಕುಡಿದರೆ ಮೈಗೆ ಸಂಕಟ ಬರಿಸುವ ಡೈಸಲ್ಫಿರಾಮ್ ಇದ್ದರೆ ಇಂಥ ಲಿವರಿಗೆ ಅದೇ ಮೂರನೇ ಏಟು. ರಾತ್ರಿ ಹೊತ್ತಿನಲ್ಲಿ ಚಪಲ, ಜಗಳ, ನಿದ್ದೆಗೆಟ್ಟ ಸಂಕಟಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅನ್ನು ಅವರ ಮೊಬೈಲಿನಲ್ಲೇ ಉಳಿಸಿಕೊಟ್ಟದ್ದು. ಅನ್ನನಾಳದ ಊದಿದ ರಕ್ತನಾಳಗಳಿಗೆ ಎಂಡೋಸ್ಕೋಪಿ, ಹೆಪಟೈಟಿಸ್ ಬಿ ಲಸಿಕೆ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್.

180ನೇ ದಿನ ತೂಕ 59 ಕಿಲೊ, ಬಿಲಿರುಬಿನ್ 1.3, ಆಲ್ಬುಮಿನ್ 3.4, ಎಸ್‌ಜಿಪಿಟಿ 29, ಹೊಟ್ಟೆಯಲ್ಲಿ ನೀರಿಲ್ಲ. ಪ್ಲೇಟ್‌ಲೆಟ್ 1,06,000ದಲ್ಲೇ ನಿಂತಿದೆ, ಗುಲ್ಮ ಇಳಿದಿಲ್ಲ. ನಾರು ಹಾಗೇ ಇದೆ. ಮುಂದಿನ ಭೇಟಿಗೆ ಬರುವಾಗ ಮನೆಯಲ್ಲಿ ಕುಡಿಯುವ, ಅರೆಯುವ, ಕಾಯಿಸುವ ಪ್ರತಿಯೊಂದನ್ನೂ, ಲೇಬಲ್ ಇರುವುದನ್ನೂ ಇಲ್ಲದಿರುವುದನ್ನೂ, ಒಂದು ಚೀಲದಲ್ಲಿ ಹಾಕಿ ತರಬೇಕೆಂದು ಚೀಟಿಯಲ್ಲಿ ಬರೆದಿದೆ.